ಶೋಕದ ದಿನಗಳಲ್ಲಿ ಸ್ನಾನ, ಈಜು: ಇಸ್ರೇಲ್‌ನಲ್ಲಿ ಕೆಲಸಕ್ಕಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಯಹೂದಿ ಪಂಚಾಂಗದ ಅವ್ ತಿಂಗಳು (ಜುಲೈ-ಆಗಸ್ಟ್ ಹೊತ್ತಿಗೆ ಬರುತ್ತದೆ) ಹತ್ತಿರ ಬಂತು, ಇಲ್ಲಿನ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಹೊಸದಾಗಿ ಬಂದವರು ಓದಿಕೊಳ್ಳಿ. ಯೆರೂಸಲೇಮಿನ ಎರಡು ಯಹೂದಿ ದೇವಾಲಯಗಳು ನಾಶವಾದ ನೆನಪಿಗೆ (ಎರಡನೆಯದು ಕ್ರಿ.ಶ. 70ರಲ್ಲಿ) ಈ ತಿಂಗಳ ಮೊದಲ ಒಂಬತ್ತು ದಿನ ಶೋಕ. ಮಧ್ಯ, ಪೂರ್ವ ಯುರೋಪ್ ಮೂಲದ ಅಶ್ಕೆನಾಝಿ ಯಹೂದಿಗಳಲ್ಲಿ ಸಂಪ್ರದಾಯಸ್ಥರು ಆಗ ಈಜಲು ಹೋಗುವುದಿಲ್ಲ, ಸುಖಕ್ಕಾಗಿ ಬಿಸಿನೀರಲ್ಲಿ ಮೀಯುವುದಿಲ್ಲ. ಸ್ಪೇನ್, ಉತ್ತರ ಆಫ್ರಿಕಾ ಕಡೆಯ ಮೂಲದ ಸೆಫಾರ್ದಿ ಯಹೂದಿಗಳಲ್ಲಿ ಅನೇಕರು ಒಂಬತ್ತನೆಯ ದಿನ ಬರುವ ವಾರದಲ್ಲಿ ಮಾತ್ರ ಪಾಲಿಸುತ್ತಾರೆ. ಒಂಬತ್ತನೆಯ ದಿನ, ತಿಶಾ ಬೆಅವ್, ಉಪವಾಸ. ಅಂದು ಸ್ನಾನವೇ ಇಲ್ಲ, ಬೆಳಿಗ್ಗೆ ಎದ್ದು ಬೆರಳುಗಳನ್ನಷ್ಟೇ ತೊಳೆಯುತ್ತಾರೆ.

ಮನೆಯವರ ಹತ್ತಿರದ ಸಂಬಂಧಿ ತೀರಿಕೊಂಡರೆ ಏಳು ದಿನದ ಶೋಕ, ಅದಕ್ಕೆ 'ಶಿವಾ' ಎನ್ನುತ್ತಾರೆ. ನಮ್ಮಲ್ಲಿ ಸಾವಿನ ಮನೆಯಿಂದ ಬಂದರೆ ಮೊದಲು ತಲೆಗೆ ನೀರು, ಇಲ್ಲಿ ಶೋಕದಲ್ಲಿರುವವರು ಸ್ನಾನದ ಸುಖವನ್ನೇ ಬಿಡುತ್ತಾರೆ. ನನಗಂತೂ ಮೊದಲ ಸಲ ತಲೆಬುಡ ಅರ್ಥವಾಗಿರಲಿಲ್ಲ! ಆದರೆ ಕೊಳೆ, ಬೆವರು ತೊಳೆಯುವುದಕ್ಕೆ ಅಡ್ಡಿಯಿಲ್ಲ. ತಣ್ಣೀರಲ್ಲಿ ಕೈ, ಕಾಲು, ಮುಖ ತೊಳೆಯಬಹುದು.

ಮುಖ್ಯ ವಿಷಯ: ಕಾಯಿಲೆಯವರಿಗೆ ವಿನಾಯಿತಿ ಇದೆ. ಹಾಸಿಗೆ ಹಿಡಿದ ಅಜ್ಜ, ಅಜ್ಜಿಯರ ಮೈ ಒರೆಸುವುದು, ಗಾಯ ತೊಳೆಯುವುದು ನಿಲ್ಲಿಸಬೇಡಿ. ಡಾಕ್ಟರ್ ಹೇಳಿದ ನೀರಿನ ವ್ಯಾಯಾಮವಿದ್ದರೆ ಮನೆಯವರನ್ನು ಕೇಳಿ, ಅವರು ತಮ್ಮ ರಬ್ಬಿಯನ್ನು (ಯಹೂದಿ ಧರ್ಮಗುರು) ಕೇಳುತ್ತಾರೆ. ಇದನ್ನೆಲ್ಲ ಪಾಲಿಸದ ಮನೆಗಳೂ ಬೇಕಾದಷ್ಟಿವೆ. ನೀವು ಸ್ನಾನ ಮಾಡಲು ಯಾರ ಅಡ್ಡಿಯೂ ಇಲ್ಲ, ಆದರೆ ಆ ವಾರ ಬೀಚಿನ ಫೋಟೊ ಮನೆಯವರಿಗೆ ತೋರಿಸುತ್ತ ಕೂರಬೇಡಿ ಮಾರಾಯ್ರೆ.