ಎತ್ತು ಮಾರಿದ ಮೇಲೆ ಮೇವು ಬಂದರೇನು?

ಸಂಪಾದಕರೇ,

‘ಅನಿರೀಕ್ಷಿತ ಬರ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ವಿಜಯಪುರ, ಸೊಲ್ಲಾಪುರದ ಕಡೆಗೆ ಬರ ಹೊಸದಾಗಿದ್ದು ಯಾವಾಗ? ಸಹ್ಯಾದ್ರಿ ಮೋಡಗಳನ್ನು ತಡೆದು ಮಹಾಬಳೇಶ್ವರದಲ್ಲಿ 5000 ಮಿ.ಮೀ.ಗೂ ಹೆಚ್ಚು ಸುರಿಸಿಕೊಳ್ಳುತ್ತದೆ. ನಮಗೆ ಉಳಿಯುವುದು ವರ್ಷಕ್ಕೆ 600ರ ಆಸುಪಾಸು. ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರನ್ನು ಕುಗ್ಗಿಸುವ ಎಲ್ ನಿನೊ ಬಂದ ವರ್ಷ ಅದೂ ಕೈಕೊಡುತ್ತದೆ. 1876–78ರ ಧಾತು-ಈಶ್ವರ ಬರದ ಹಿಂದೆ ಅದೇ ಇತ್ತು. 1972ರಲ್ಲಿ, 2015ರಲ್ಲಿ ಅದೇ. 2023ರಲ್ಲಂತೂ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಆ ವರ್ಷ ದೀಪಾವಳಿಯ ಹೊತ್ತಿಗೆ, ಪುಣೆಯ ವಾರ್ಜೆಯಲ್ಲಿ ಕೂಲಿಕಾರರು ನಿಲ್ಲುವ ನಾಕಾದ ಬಳಿ ಇಂಡಿ ಕಡೆಯ ಗಂಡ ಹೆಂಡತಿ ಸಿಕ್ಕರು. ಕನ್ನಡ ಕೇಳಿ ಅವರೇ ಮಾತನಾಡಿಸಿದರು. ‘ದಸರೆಗೆ ಮೊದಲೇ ಎತ್ತು ಮಾರಿದೆವು, ಅಣ್ಣಾವರೇ. ಹೊಟ್ಟೆಗೆ ಹಾಕದೆ ಕಟ್ಟಿಕೊಂಡು ಕೂರುವುದು ಪಾಪ’ ಎಂದಳು ಆಕೆ. ಎತ್ತಿನ ಕೊರಳ ಗೆಜ್ಜೆಸರವನ್ನು ಮಾತ್ರ ಕೊಟ್ಟಿರಲಿಲ್ಲ. ಕಟಕ ರೊಟ್ಟಿಯ ಗಂಟಿನ ಜೊತೆಗೆ ಅದು ಅವಳ ಕೈಚೀಲದಲ್ಲಿತ್ತು.

ಇದೇ ಊರಿನ ಶಿವಾಜಿನಗರದಲ್ಲಿರುವ ಹವಾಮಾನ ಇಲಾಖೆಯ ಕಚೇರಿ ಎಲ್ ನಿನೊ ಸ್ಥಿತಿಗತಿಯ ವರದಿಯನ್ನು ತಿಂಗಳು ತಿಂಗಳೂ ಹೊರಡಿಸುತ್ತದೆ. ಅಂದರೆ ಆ ದಂಪತಿ ಊರು ಬಿಡುವ ಎಷ್ಟೋ ತಿಂಗಳ ಮೊದಲೇ ಅಪಾಯದ ಸುಳಿವು ಇದೇ ಪುಣೆಯಲ್ಲಿತ್ತು! ಆದರೆ ನಮ್ಮಲ್ಲಿ ಮಳೆ ಕೊರತೆಯ ಲೆಕ್ಕವಾಗಬೇಕು, ಬೆಳೆ ಸಮೀಕ್ಷೆಯಾಗಬೇಕು, ಘೋಷಣೆಯಾಗಬೇಕು, ಆಮೇಲೆ ಮೇವು, ಆಮೇಲೆ ಕಾಮಗಾರಿ. ಅಷ್ಟರಲ್ಲಿ ಜನ ಗುಳೆ ಹೋಗಿರುತ್ತಾರೆ.

ಬೇಸಿಗೆಯಲ್ಲಿ ಸುಳಿವು ಸಿಕ್ಕ ಕೂಡಲೇ ಹೋಬಳಿಗೊಂದು ಮೇವು ಸಂಗ್ರಹ ಆಗಬೇಕು, ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳೆತ್ತುವ ಕೆಲಸ ಆರಂಭವಾಗಬೇಕು. ಎಲ್ ನಿನೊ ಬಂದಾಗಲೆಲ್ಲ ಬರ ಬೀಳುವುದಿಲ್ಲ, ನಿಜ. 1997ರಲ್ಲಿ ಅದು ಪ್ರಬಲವಾಗಿದ್ದರೂ ದೇಶಕ್ಕೆ ಒಳ್ಳೆಯ ಮಳೆಯೇ ಆಯಿತು. ಆದರೇನು? ಒಟ್ಟಿದ ಕಣಿಕೆ ಮುಂದಿನ ಬೇಸಿಗೆಗೆ ಬರುತ್ತದೆ, ಹೂಳೆತ್ತಿದ ಕೆರೆಯಲ್ಲಿ ನೀರು ನಿಲ್ಲುತ್ತದೆ.

ತಮ್ಮ ಪತ್ರಿಕೆಯಲ್ಲೊಂದು ಕೋರಿಕೆ: ಪ್ರತಿ ಏಪ್ರಿಲ್‌ನಲ್ಲಿ ಹವಾಮಾನ ಮುನ್ಸೂಚನೆಯ ಪಕ್ಕದಲ್ಲೇ, ಯಾವ ತಾಲ್ಲೂಕಿನಲ್ಲಿ ಎಷ್ಟು ದಿನಕ್ಕಾಗುವಷ್ಟು ಮೇವಿದೆ ಎಂಬುದನ್ನೂ ಪ್ರಕಟಿಸಿ.

– ಇಂಡಿ ತಾಲ್ಲೂಕಿನಿಂದ ಬಂದು ನೆಲೆಸಿದ ಓದುಗ, ಪುಣೆ