ಬೆಳಕು ಕೊಡಲು ಒಪ್ಪದವರಿಗೆ

ಶನಿವಾರದಿಂದ ಮೊಬೈಲ್ ಕೆಳಗಿಡಲು ಆಗಿಲ್ಲ. ಯಾರಿಗೆ ಉತ್ತರಿಸಿದೆ, ಯಾರಿಗೆ ಇಲ್ಲ ಎಂಬ ಲೆಕ್ಕ ತಪ್ಪಿದೆ. ಉತ್ತರ ಸಿಗದವರು ದಯವಿಟ್ಟು ಇದನ್ನೇ ಉತ್ತರವೆಂದುಕೊಳ್ಳಿ. ಮೊದಲ ಚಿತ್ರ ಮಾಡಿದವರಿಗೆಂದೇ ಇರುವ ಪ್ರಶಸ್ತಿ ನಮ್ಮ ಚಿತ್ರಕ್ಕೆ ಬಂದಿದೆ. ವೇದಿಕೆಯ ಮೇಲೆ ಎರಡು ನಿಮಿಷ ಕೊಟ್ಟಿದ್ದರು, ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಅಲ್ಲಿ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಮೆರಾ ಹಿಡಿದವನು, ಸಂಕಲನದ ಮೇಜಿನ ಮುಂದೆ ನಾಲ್ಕು ತಿಂಗಳು ಕೂತವನು, ಮಳೆಯ ಸದ್ದಿನ ನಡುವೆ ಮಾತುಗಳನ್ನು ಹೆಕ್ಕಿಕೊಟ್ಟ ಗೆಳತಿ, ನೀನಾಸಂನಲ್ಲಿ ಕಲಿತು ಬಂದ ಇಬ್ಬರು ನಟರು, ಐದು ಹತ್ತು ಸಾವಿರದಂತೆ ಹಣ ಕೂಡಿಸಿದ ಸ್ನೇಹಿತರು, ಮನೆಯನ್ನೇ ಬಿಟ್ಟುಕೊಟ್ಟ ಮೀನುಗಾರ ಮೊಗವೀರರ ಕುಟುಂಬ, ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ವರ್ಷ ನಮ್ಮ ಮನೆ ನಡೆದದ್ದು ನನ್ನ ಹೆಂಡತಿಯ ಸಂಬಳದಲ್ಲಿ. ಅವಳಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿದ್ದೇನೆ. ಬನಶಂಕರಿಯ ಸುಚಿತ್ರಾ ಫಿಲಂ ಸೊಸೈಟಿಯ ಹಿಂದಿನ ಸಾಲಿನ ಕುರ್ಚಿಗಳಿಗೂ ನನ್ನ ನಮಸ್ಕಾರ ಸಲ್ಲಬೇಕು. ಸಿನಿಮಾ ನೋಡುವುದನ್ನು ನಾನು ಕಲಿತದ್ದು ಅಲ್ಲಿ.

ಉಳಿದ ಮಾತೆಲ್ಲ ಒಬ್ಬರಿಗೆ. ಅವರ ಹೆಸರು ಚಿತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಜನರು ಎದ್ದು ಹೊರಡುವ ಹೊತ್ತಿಗೆ ಬರುತ್ತದೆ. ನಮ್ಮ ಜನರೇಟರ್ ಗಾಡಿಯ ಅಣ್ಣ. ಕೋಲಾರದ ಕಡೆಯವರು, ಮನೆಮಾತು ತೆಲುಗು. ಹುಡುಗನಾಗಿದ್ದಾಗ ಮದ್ರಾಸಿಗೆ ಹೋಗಿ ಲೈಟಿನ ಕೇಬಲ್ ಹೊತ್ತವರು, ಆಮೇಲೆ ಬೆಂಗಳೂರಿಗೆ ಬಂದು ನೆಲೆಯಾದವರು.

ನಾವು ಚಿತ್ರೀಕರಣ ಮಾಡಿದ್ದು ಕರಾವಳಿಯ ಮರವಂತೆಯ ಆಚೆಗಿನ ಒಂದು ಊರಿನಲ್ಲಿ, ಜುಲೈ ತಿಂಗಳಲ್ಲಿ. ಮಳೆಗಾಲದಲ್ಲಿ ಹೋಗಬೇಡ ಎಂದವರೇ ಹೆಚ್ಚು. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದಡದಲ್ಲಿ ದೋಣಿಗಳು, ಜಗಲಿಯಲ್ಲಿ ಬಲೆ ಹೊಲಿಯುವ ಗಂಡಸರು, ಕೈಯಲ್ಲಿ ಕಾಸಿಲ್ಲದ ಮನೆಗಳು. ನಮ್ಮ ಕತೆ ಇದ್ದದ್ದೇ ಆ ಎರಡು ತಿಂಗಳಲ್ಲಿ. ಹಣ ನಡುವೆ ನಿಂತದ್ದು, ಇಪ್ಪತ್ತು ದಿನದ ಯೋಜನೆ ಹದಿಮೂರಕ್ಕೆ ಇಳಿದದ್ದು ನಿಮಗೆಲ್ಲ ಗೊತ್ತು. ಮತ್ತೆ ಬರೆಯುವುದಿಲ್ಲ.

ಹದಿಮೂರನೆಯ ದಿನ ಕತ್ತಲಾಗುವಾಗ ಒಂದೇ ಒಂದು ದೃಶ್ಯ ಉಳಿದಿತ್ತು. ಅಪ್ಪ ಬಿಟ್ಟುಹೋದ ದೋಣಿಯ ಹಗ್ಗ ಹಿಡಿದು ಹುಡುಗ ರಾತ್ರಿ ಕಡಲಿಗೆ ಇಳಿಯುತ್ತಾನೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಿಂತಿರುಗಿ ನೋಡುತ್ತಾನೆ. ಮೂರು ವರ್ಷ ನನ್ನ ಕಣ್ಣಿನಲ್ಲಿದ್ದ ದೃಶ್ಯ ಅದು. ಆ ಚೌಕಟ್ಟಿಗಾಗಿಯೇ ಉಳಿದ ಇಡೀ ಚಿತ್ರವನ್ನು ಬರೆದಿದ್ದೆ ಎಂದರೂ ತಪ್ಪಿಲ್ಲ. ಹುಡುಗ ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಮಳೆ ಬಿಟ್ಟಿತ್ತು. ಹುಡುಗನಿಗೆ ಈಜು ಬರುತ್ತದೆ, ಹಗ್ಗ ಕಟ್ಟೋಣ, ಹತ್ತು ನಿಮಿಷದ ಕೆಲಸ ಎಂದು ನಾನು ಎಲ್ಲರನ್ನೂ ಒಪ್ಪಿಸಿದ್ದೆ. ಒಪ್ಪಿದರೋ, ನನ್ನ ಮುಖ ನೋಡಿ ಸುಮ್ಮನಾದರೋ, ಈಗ ಹೇಳಲಾರೆ.

ಅಣ್ಣ ಜನರೇಟರ್ ನಿಲ್ಲಿಸಿ, ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಮಗುವನ್ನು ಈ ನೀರಿಗೆ ಇಳಿಸುವುದಾದರೆ ನಾನು ಲೈಟು ಕೊಡುವುದಿಲ್ಲ ಸಾರ್" ಎಂದರು.

ನಾನು ಅವರನ್ನು ಏನೆಂದು ಬೈದೆ ಎಂಬುದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಅಲ್ಲಿದ್ದ ಇಪ್ಪತ್ತೆರಡು ಮಂದಿಯ ಎದುರಿಗೆ ಬೈದಿದ್ದೆ. "ಗಾಡಿ ನೋಡಿಕೊಳ್ಳುವುದು ನಿಮ್ಮ ಕೆಲಸ, ಸಿನಿಮಾ ನಿಮಗೇನು ಗೊತ್ತು" ಎಂದೆ. ಅವರು ಮರುಮಾತಾಡಲಿಲ್ಲ, ಕೀಲಿಯನ್ನೂ ಕೊಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬಾಡಿಗೆ ಮನೆಗೆ ಹೋದರು. ನಾನು ದಡದಲ್ಲೇ ಕುಳಿತೆ. ಆರು ದಿನದ ಬೇಟಾ, ಅಂದರೆ ದಿನದ ಭತ್ಯೆ, ಬಾಕಿ ಇದ್ದ ಆ ಮನುಷ್ಯ, ನನ್ನನ್ನು ಬಿಟ್ಟು ಹೋಗಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದ ಆ ಮನುಷ್ಯ, ಬೋರಲು ಹಾಕಿದ್ದ ದೋಣಿಯೊಂದರ ಪಕ್ಕ ಟಾರ್ಪಾಲಿನ್ ಹಾಸಿ ಕುಳಿತರು.

ನಡುರಾತ್ರಿ ಕಳೆದ ಮೇಲೆ ಅವರಾಗಿಯೇ ಮಾತು ತೆಗೆದರು. ಮದ್ರಾಸಿನಲ್ಲಿದ್ದಾಗ ಒಂದು ಸಾವಿನ ಸುದ್ದಿ ಕೇಳಿ ಸೆಟ್ಟಿನಲ್ಲಿ ಕೆಲಸ ನಿಂತಿತ್ತಂತೆ. ತೆಲುಗಿನ ಲೇಖಕ, ನಟ ಗೊಲ್ಲಪೂಡಿ ಮಾರುತಿ ರಾವ್ ಅವರ ಮಗ ಶ್ರೀನಿವಾಸ್ ತಮ್ಮ ಮೊದಲ ಚಿತ್ರವನ್ನು ನಿರ್ದೇಶಿಸುತ್ತಿದ್ದರು. ಅಜಿತ್ ಎಂಬ ಹೊಸ ಹುಡುಗ ಅದರ ನಾಯಕ. ವಿಶಾಖಪಟ್ಟಣದ ಕಡಲ ತೀರದಲ್ಲಿ ಚಿತ್ರೀಕರಣ. 1992ರ ಆಗಸ್ಟ್ 12ರಂದು ತೆರೆಗಳು ಆ ನಿರ್ದೇಶಕನನ್ನೇ ಎಳೆದುಕೊಂಡವು. ಇನ್ನೂ ಮೂವತ್ತು ತುಂಬಿರಲಿಲ್ಲ. ಮಗ ಅರ್ಧಕ್ಕೆ ಬಿಟ್ಟುಹೋದ ಚಿತ್ರವನ್ನು ತಂದೆ ಮುಗಿಸಿದರು. ಆಮೇಲೆ ಮಗನ ಹೆಸರಿನಲ್ಲಿ ಒಂದು ಪ್ರಶಸ್ತಿ ಇಟ್ಟರು. ಭಾರತದ ಯಾವುದೇ ಭಾಷೆಯ ಚೊಚ್ಚಲ ನಿರ್ದೇಶಕರಿಗೆ, ಮಗ ತೀರಿಕೊಂಡ ದಿನವೇ, ಚೆನ್ನೈಯಲ್ಲಿ ಕೊಡುತ್ತಿದ್ದ ಪ್ರಶಸ್ತಿ.

"ಪ್ರತಿ ವರ್ಷ ಅದೇ ದಿನ ಬೇರೆ ಯಾರದೋ ಮಗನಿಗೆ ಶಾಲು ಹೊದಿಸುತ್ತಿದ್ದರು ಸಾರ್, ಆ ತಂದೆ" ಎಂದು ಅಣ್ಣ ಸುಮ್ಮನಾದರು.

ಆಗ ನಾನು ಅತ್ತುಬಿಟ್ಟೆ. ತಂದೆಯೊಬ್ಬರ ಸಂಕಟಕ್ಕೋ, ನನ್ನ ದೃಶ್ಯ ಕೈತಪ್ಪಿದ್ದಕ್ಕೋ, ಎರಡನ್ನೂ ಬೇರೆ ಮಾಡಲು ಇಂದಿಗೂ ನನ್ನಿಂದ ಆಗಿಲ್ಲ. ಚಿತ್ರ ಮುಗಿಯಿತು, ಇನ್ನು ಯಾರಿಗೂ ಮುಖ ತೋರಿಸಲಾರೆ ಎಂದು ಏನೇನೋ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಬಗ್ಗಿಸಿ ಕೊಟ್ಟರು. ಬೆಳಗಿನ ಜಾವದವರೆಗೂ ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಲಿಲ್ಲ.

ಐದು ಗಂಟೆಗೆ ಕೀಲಿ ಹೊರಗೆ ಬಂತು. "ಮನೆಯೊಳಗೆ ಏನು ಬೇಕಾದರೂ ಮಾಡಿ, ಎಷ್ಟು ಹೊತ್ತು ಬೇಕಾದರೂ ಲೈಟು ಕೊಡುತ್ತೇನೆ" ಎಂದರು. ಎಲ್ಲರನ್ನೂ ಎಬ್ಬಿಸಿದೆವು. ಕಿಟಕಿಯ ಹೊರಗೆ ಒಂದೇ ದೀಪ. ಹುಡುಗ ಒದ್ದೆ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಾನೆ, ಹೊರಗೆ ಕಡಲು ಮೊರೆಯುತ್ತಿದೆ. ಅಷ್ಟೇ. ತೀರ್ಪುಗಾರರು ಮೆಚ್ಚಿದ್ದಾಗಿ ಹೇಳಿದ ಕೊನೆಯ ದೃಶ್ಯ ಅದು. ಕಡಲನ್ನು ತೋರಿಸದೆ ಬಿಟ್ಟ ಸಂಯಮ ಎಂದು ಒಬ್ಬರು ಹೊಗಳಿದರು. ಆ ಸಂಯಮ ನನ್ನದಲ್ಲ ಎಂದು ಅವರಿಗೆ ಅಂದೇ ಹೇಳಿದ್ದೇನೆ.

ಇನ್ನೊಂದು ಮಾತನ್ನೂ ಹೇಳಬೇಕು. ಬೆಳಕು ಹರಿದ ಮೇಲೆ ನೋಡಿದರೆ ಕಡಲು ಎಂದಿನಂತೆಯೇ ಇತ್ತು. ಆ ರಾತ್ರಿ ಹುಡುಗನನ್ನು ಇಳಿಸಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ನನ್ನನ್ನು ಕಾಡುವುದು ಅದೇ. ಏನೂ ಆಗದಿದ್ದರೆ ನಾನು ಅದನ್ನು ಧೈರ್ಯ ಎಂದು ಕರೆಯುತ್ತಿದ್ದೆ, ಮುಂದಿನ ಚಿತ್ರದಲ್ಲಿ ಇನ್ನೊಂದು ಮಗುವನ್ನು ಇನ್ನೂ ನಾಲ್ಕು ಹೆಜ್ಜೆ ಒಳಗೆ ಇಳಿಸುತ್ತಿದ್ದೆ.

ಅಂದು ಬೆಳಿಗ್ಗೆಯೇ, ಚಿತ್ರೀಕರಣ ಮುಗಿದ ಗುರುತಿಗೆ, ಕುಂಬಳಕಾಯಿ ಒಡೆದೆವು. ಅಣ್ಣನೇ ಒಡೆಯಬೇಕೆಂದು ಹುಡುಗ ಹಟ ಹಿಡಿದ, ಅವರೇ ಒಡೆದರು. ಬಾಕಿ ಹಣವನ್ನು ನಾನು ಕಳುಹಿಸಿದ್ದು ಎಂಟು ತಿಂಗಳ ನಂತರ. ನಡುವೆ ಅವರು ಮೂರು ಸಲ ಕರೆ ಮಾಡಿದ್ದರು, ಮೂರು ಸಲವೂ ಕೇಳಿದ್ದು ಹುಡುಗನ ಪರೀಕ್ಷೆ ಏನಾಯಿತೆಂದು.

ಮೊದಲ ಚಿತ್ರಕ್ಕೆ ಪ್ರತ್ಯೇಕ ಪ್ರಶಸ್ತಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ 'ಘಟಶ್ರಾದ್ಧ' ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನೇ ಪಡೆದಾಗ ರಾಷ್ಟ್ರಪ್ರಶಸ್ತಿಗಳಲ್ಲಿ ಹೊಸಬರ ವಿಭಾಗ ಇರಲಿಲ್ಲ. ಅದು ಸೇರಿದ್ದು 1980ರ ಚಿತ್ರಗಳಿಂದ. ಅಂತಹ ಪ್ರತಿಭೆಗೆ ವಿಭಾಗ ಬೇಕಿಲ್ಲ, ನಿಜ. ನಮ್ಮಂಥವರಿಗೆ ಬೇಕು. ಎರಡನೆಯ ಚಿತ್ರ ಮಾಡಲು ಹೊರಟವನಿಗೆ ಮೊದಲನೆಯದು ಸಾಕ್ಷಿ ಹೇಳುತ್ತದೆ. ಮೊದಲನೆಯದಕ್ಕೆ ಹೊರಟವನ ಬಳಿ ತೋರಿಸಲು ಏನೂ ಇರುವುದಿಲ್ಲ, ನಂಬುವವರು ಬರಿಗೈಯನ್ನು ನೋಡಿ ನಂಬಬೇಕು. ರಾಷ್ಟ್ರಪ್ರಶಸ್ತಿಯ ಆ ವಿಭಾಗದಲ್ಲಿ ಮೊದಲು ನಿರ್ಮಾಪಕರೂ ನಿರ್ದೇಶಕರೂ ಹಂಚಿಕೊಳ್ಳುತ್ತಿದ್ದ ನಗದು ಈಗ ನಿರ್ದೇಶಕರಿಗೆ ಮಾತ್ರ. ಕೈ ಬರಿದಾದ ಹೊಸಬರಿಗೆ ಅದು ಒಳ್ಳೆಯದೇ. ನನಗೆ ಬಂದ ಹಣದಲ್ಲಿ ಒಂದು ಪಾಲು ಅಣ್ಣನಿಗೆ ಹೋಗುತ್ತದೆ. ಬೇಡ ಎಂದರೆ ಅವರ ಮಗಳ ಕಾಲೇಜಿನ ಶುಲ್ಕವಾಗಿ ಹೋಗುತ್ತದೆ, ಅದನ್ನು ನಾನು ತೀರ್ಮಾನಿಸಿದ್ದೇನೆ.

ಮಾರುತಿ ರಾವ್ ಅವರು 2019ರ ಡಿಸೆಂಬರಿನಲ್ಲಿ ತೀರಿಕೊಂಡರು. ನಾನು ಅವರನ್ನು ಒಮ್ಮೆಯೂ ಕಂಡವನಲ್ಲ. ಆದರೂ ಶನಿವಾರ ಭುಜದ ಮೇಲೆ ಶಾಲು ಬಿದ್ದಾಗ ನೆನಪಾದದ್ದು ಆ ತಂದೆಯ ಕೈ.

ಸಮಾರಂಭ ಮುಗಿದೊಡನೆ ಅಣ್ಣನಿಗೆ ಕರೆ ಮಾಡಿದೆ. ಮಂಡ್ಯದ ಬಳಿ ಇನ್ನೊಬ್ಬ ಹೊಸ ನಿರ್ದೇಶಕನ ಚಿತ್ರೀಕರಣದಲ್ಲಿದ್ದರು, ರಾತ್ರಿಯ ದೃಶ್ಯ. ಪ್ರಶಸ್ತಿ ಬಂತು ಅಣ್ಣ ಎಂದು ಕೂಗಿದೆ. ಆ ಕಡೆ ಜನರೇಟರಿನ ಸದ್ದು ಜೋರಾಗಿತ್ತು. ಅವರೂ ಏನೋ ಕೂಗಿದರು, ನನಗೆ ಕೇಳಿಸಲಿಲ್ಲ. ಲೈಟು ಕೊಡುವ ಹೊತ್ತು, ಫೋನ್ ಇಟ್ಟರು. ನಾಳೆ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೊರಟಿದ್ದೇನೆ.