ಗಟ್ಟಿಯಾಗಿದ್ದು ಕೋಶವೋ, ಅದರ ಗಾಯವೋ?

ಪ್ರೀತಿಯ ಗೆಳೆಯಾ,

ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದಿಗೆ ಬಗ್ಗದ ಅಂಡಾಶಯ ಕ್ಯಾನ್ಸರ್ ಕೋಶಗಳನ್ನು ಎ.ಎಫ್.ಎಂ.ನಲ್ಲಿ (ಪುಟ್ಟ ಮೊನೆಯಿಂದ ಒತ್ತಿ ಗಟ್ಟಿತನ ಅಳೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್‌ನಲ್ಲಿ) ಒತ್ತಿ ನೋಡುವಾಗ ಏನೇನು ಜೋಪಾನ ಮಾಡಬೇಕು ಅಂತ ಕೇಳಿದ್ದೆ. ಈ ದಾರಿ ಹಿಡಿದ ಇನ್ನೂ ಕೆಲವರಿಗೆ ಬೇಕಾದೀತೆಂದು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಚೂಪು ಮೊನೆ ಬೇಡ. ಅದು ಒಂದು ಕಡೆ ಆಕ್ಟಿನ್ ಎಳೆಯ (ಕೋಶಕ್ಕೆ ಬಿಗಿ ಕೊಡುವ ಪ್ರೋಟೀನ್ ಎಳೆಯ) ಮೇಲೆ ಕೂರುತ್ತದೆ, ಪಕ್ಕದಲ್ಲೇ ಖಾಲಿ ಜಾಗಕ್ಕೆ ಇಳಿಯುತ್ತದೆ. 5 ಮೈಕ್ರಾನ್ ವ್ಯಾಸದ ಗುಂಡು ಅಂಟಿಸಿದ, ಮೀಟರಿಗೆ 0.03 ನ್ಯೂಟನ್ ಆಸುಪಾಸಿನ ಬಿಗಿಯ ಕ್ಯಾಂಟಿಲಿವರ್ (ಮೊನೆ ಹೊತ್ತ, ಒತ್ತಿದಾಗ ಬಾಗುವ ಪುಟ್ಟ ಪಟ್ಟಿ) ತಗೋ. 1 ಕಿಲೋಪಾಸ್ಕಲ್‌ನ ಕೋಶದೊಳಗೆ ಈ ಗುಂಡು 500 ನ್ಯಾನೊಮೀಟರ್ ಇಳಿಯಲು ಹರ್ಟ್ಸ್ ಸೂತ್ರದ (ಗುಂಡು ಒತ್ತಿದ ಬಲ, ಇಳಿದ ಆಳಗಳಿಂದ ಗಟ್ಟಿತನ ಲೆಕ್ಕಹಾಕುವ ಸೂತ್ರದ) ಪ್ರಕಾರ ಸುಮಾರು 1 ನ್ಯಾನೊನ್ಯೂಟನ್ ಬಲ ಬೇಕು. ಅಷ್ಟಕ್ಕೆ ಕ್ಯಾಂಟಿಲಿವರ್ ಬಾಗುವುದು 33 ನ್ಯಾನೊಮೀಟರ್. ಹತ್ತು ಪಟ್ಟು ಬಿಗಿಯಾದದ್ದನ್ನು ಹಾಕಿದರೆ ಬಾಗು 3 ನ್ಯಾನೊಮೀಟರ್‌ಗೆ ಇಳಿದು ಉಪಕರಣದ ಗದ್ದಲದಲ್ಲಿ (ನಾಯ್ಸ್) ಮುಳುಗಿಹೋಗುತ್ತದೆ.

ಡಿಶ್, ಮೀಡಿಯಂ, ಮೊನೆ ಮೂರೂ 37 ಡಿಗ್ರಿಗೆ ಬಂದು ನೆಲೆಗೊಳ್ಳುವವರೆಗೆ ಕ್ಯಾಲಿಬ್ರೇಶನ್ ಮಾಡಬೇಡ. ಮೊದಲು ಬರಿ ಗಾಜಿನ ಮೇಲೆ ಒತ್ತಿ ಸಂವೇದನೆ (ಎಷ್ಟು ಬಾಗಿದರೆ ಎಷ್ಟು ಸಿಗ್ನಲ್ ಎಂಬುದು), ಆಮೇಲೆ ಥರ್ಮಲ್ ನಾಯ್ಸ್‌ನಿಂದ (ಶಾಖಕ್ಕೆ ಪಟ್ಟಿ ತಾನೇ ನಡುಗುವುದರಿಂದ) ಸ್ಪ್ರಿಂಗ್ ಸ್ಥಿರಾಂಕ, ಅಂದರೆ ಪಟ್ಟಿಯ ಬಿಗಿ. ನಡುನಡುವೆ ಗಾಜಿಗೆ ಮರಳಿ ಪರೀಕ್ಷಿಸು. ಗುಂಡಿಗೆ ಕೋಶದ ಚೂರು ಮೆತ್ತಿಕೊಂಡಿದ್ದರೆ ಬಲ-ಆಳದ ಗೆರೆ ಬದಲಾಗಿರುತ್ತದೆ.

ಎಲ್ಲಕ್ಕಿಂತ ಕಾಡುವುದು ಸ್ಪರ್ಶಬಿಂದು, ಗುಂಡು ಕೋಶವನ್ನು ಮೊದಲು ಮುಟ್ಟುವ ಜಾಗ. ಬಲವು ಆಳದ 1.5ನೇ ಘಾತದಂತೆ ಏರುವುದರಿಂದ, ನಿಜಕ್ಕೂ 500 ನ್ಯಾನೊಮೀಟರ್ ಇಳಿದದ್ದನ್ನು ಸಾಫ್ಟ್‌ವೇರ್ 400 ಎಂದುಕೊಂಡರೆ ಕೋಶ ಶೇ. 40ರಷ್ಟು ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಮದ್ದಿಗೆ ಬಗ್ಗುವ, ಬಗ್ಗದ ಎರಡು ಗುಂಪುಗಳ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರುವುದಿಲ್ಲ! ಕೋಶದ ತೆಳು ಅಂಚನ್ನಂತೂ ಮುಟ್ಟಲೇಬೇಡ. ದೋಸೆ ಒತ್ತಿದ ಬೆರಳಿಗೆ ಕಾವಲಿಯ ಗಟ್ಟಿತನ ಸಿಕ್ಕ ಹಾಗೆ, ಅಲ್ಲಿ ನಿನಗೆ ಸಿಗುವುದು ಗಾಜು. ನ್ಯೂಕ್ಲಿಯಸ್ ಮೇಲೆಯೋ ಪಕ್ಕದಲ್ಲೋ ಒಂದೇ ನಿಯಮ ಇಟ್ಟುಕೋ, ವೇಗವನ್ನೂ ಬದಲಿಸಬೇಡ.

ಔಷಧದ ಕಡೆ: ಸಿಸ್‌ಪ್ಲಾಟಿನ್ ಅನ್ನು ಡಿ.ಎಂ.ಎಸ್.ಓ. ಎಂಬ ದ್ರಾವಕದಲ್ಲಿ ಕರಗಿಸಬೇಡ, ಅದು ಪ್ಲಾಟಿನಂಗೆ ಅಂಟಿಕೊಂಡು ಮದ್ದಿನ ಕಸುವು ಕಳೆಯುತ್ತದೆ. ಶೇ. 0.9ರ ಸಲೈನ್ ಸಾಕು. ಎರಡೂ ಗುಂಪಿನ ಪ್ಯಾಸೇಜ್ (ಎಷ್ಟು ಸಲ ಹೊಸ ಡಿಶ್‌ಗೆ ಬಿತ್ತಿದ್ದು ಎಂಬ ಲೆಕ್ಕ), ಸಾಂದ್ರತೆ, ಬಿತ್ತಿದ ಮೇಲಿನ ಗಂಟೆಗಳು ಸರಿಸಮ ಇರಲಿ. ಮೂರನೇ ಡಿಶ್‌ಗೆ ಆಕ್ಟಿನ್ ಎಳೆಗಳನ್ನು ಕರಗಿಸುವ ಲ್ಯಾಟ್ರನ್ಕ್ಯುಲಿನ್ ಹಾಕು. ಅಲ್ಲಿ ಎಳೆ ಕರಗಿಯೂ ಕೋಶ ಮೆತ್ತಗಾಗದಿದ್ದರೆ ಅಂದಿನ ಅಳತೆಯನ್ನೇ ನಂಬಬೇಡ.

ಈಗ ನನ್ನ ನಿಜವಾದ ಕಳವಳ. 2007ರಲ್ಲಿ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ತಂಡ, ರೋಗಿಗಳ ಎದೆಗೂಡಿನ ದ್ರವದಲ್ಲಿ ಸಿಕ್ಕ ಹರಡಿದ ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಶೇ. 70ಕ್ಕೂ ಹೆಚ್ಚು ಮೆತ್ತಗಿವೆ ಎಂದು ತೋರಿಸಿತು. 2012ರಲ್ಲಿ ಅಲ್ಲಿಯವರೇ ಸಿಸ್‌ಪ್ಲಾಟಿನ್‌ಗೆ ಬಗ್ಗದ ಅಂಡಾಶಯದ ಕೋಶಗಳು ಗಟ್ಟಿ ಎಂದರು. ಎರಡನ್ನೂ ನಾನು ನಂಬುತ್ತೇನೆ. ಆದರೆ ಕೀಮೋ ತಗುಲಿ ಸಾಯುತ್ತಿರುವ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳೂ ಗಟ್ಟಿಯಾಗುತ್ತವೆಂದು 2007ರಲ್ಲೇ ಇನ್ನೊಂದು ಗುಂಪು ಅಳೆದಿತ್ತು. ಹಾಗಾದರೆ ಮದ್ದಿನಲ್ಲೇ ಬೆಳೆಸಿದ ಕೋಶ ಗಟ್ಟಿಯಾಗಿ ಕಂಡರೆ ಅದು ಗೆದ್ದ ಗುರುತೋ, ಪೆಟ್ಟು ತಿಂದ ಗುರುತೋ? ಮದ್ದು ತೆಗೆದು ಕೆಲವು ದಿನ ಬಿಟ್ಟು ಅಳೆಯೋಣವೆಂದರೆ ಅಷ್ಟರಲ್ಲಿ ಪ್ರತಿರೋಧವೇ ಸಡಿಲವಾಗಬಹುದು. ಹಾಗಾಗಿ ಅದೇ ಫ್ಲಾಸ್ಕ್‌ನಿಂದ, ಅದೇ ವಾರ ಐ.ಸಿ.50 (ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಮದ್ದಿನ ಪ್ರಮಾಣ) ಕೂಡ ತೆಗೆ. ಅನೆಕ್ಸಿನ್ ಬಣ್ಣ ಹಿಡಿದ, ಅಂದರೆ ಸಾಯುತ್ತಿರುವ ಕೋಶಗಳನ್ನು ಲೆಕ್ಕದಿಂದ ಬಿಡು.

ಇನ್ನೂ ಒಳಗಿನ ಮಾತು ಹೇಳಿಬಿಡುತ್ತೇನೆ. ಅರವತ್ತು ಕೋಶ ಒತ್ತಿ ನಾವು ಮೀಡಿಯನ್ (ಸಾಲಿನ ನಡುವಿನ ಬೆಲೆ) ಬರೆಯುತ್ತೇವೆ. ಮದ್ದು ಮುಗಿದ ಮೇಲೆ ಕಾಯಿಲೆಯನ್ನು ಮತ್ತೆ ಎಬ್ಬಿಸುವುದು ಸಾಲಿನ ತುದಿಯಲ್ಲಿ ಕೂತ ಒಂದೆರಡು ಕೋಶಗಳೇ ಆಗಿದ್ದರೆ? ಮೀಡಿಯನ್‌ನಲ್ಲಿ ಅವುಗಳ ಸುಳಿವೂ ಇರುವುದಿಲ್ಲ. ಮತ್ತೆ ಮದ್ದು ಹಾಕಿಸಿಕೊಳ್ಳಲು ಬಂದು ಕೂತ ಹೆಂಗಸಿಗೆ ನಮ್ಮ ಆ ಒಂದು ಸಂಖ್ಯೆಯಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ನನ್ನ ನಿದ್ದೆ ಕೆಡಿಸುತ್ತದೆ. ಒತ್ತಿದ ಕೋಶಗಳ ಜಾಗ ಗುರುತಿಸಿಕೊಂಡು, ಆಮೇಲೆ ಮದ್ದು ಹಾಕಿ, ಯಾವುದು ಉಳಿಯಿತೆಂದು ನೋಡು. ತಳದಲ್ಲಿ ಗುರುತಿನ ಚೌಕಳಿ ಗೀರುಗಳಿರುವ ಡಿಶ್ ಇದಕ್ಕೆ ಸಾಕು. ನಿಧಾನದ ಕೆಲಸ, ದಿನಕ್ಕೆ ಕೋಶಗಳೂ ಕಡಿಮೆ. ಆದರೂ ಇದನ್ನೇ ಮಾಡು ಎನ್ನುತ್ತೇನೆ.

ಹೂಂ, ಪತ್ರ ಭಾರವಾಯಿತು. ಭಾನುವಾರ ಫೋನ್ ಮಾಡು, ಮೊದಲ ಗೆರೆಗಳನ್ನು ಒಟ್ಟಿಗೆ ನೋಡೋಣ. ಕಂಪನ ತಡೆಯುವ ಮೇಜಿನ ಗಾಳಿ ತುಂಬಿಸುವುದನ್ನು ಮಾತ್ರ ಮರೆಯಬೇಡ ಮಾರಾಯ!

ನಿನ್ನ ಗೆಳೆಯ